ತೆಂಗಿನ ತೋಟದವರಿಗೆ ಮೆಕಾಂಗ್ ಡೆಲ್ಟಾ: ಒಂದು ದಿನದ ಪ್ರವಾಸ ಹೇಗೆ ಮಾಡಬೇಕು

ನಮ್ಮ ತುಮಕೂರು ಕಡೆಯವರು ವಿಯೆಟ್ನಾಂಗೆ ಹೊರಟರೆ ನಾನು ಮೊದಲು ಕೇಳುವುದು ಒಂದೇ ಮಾತು: ಮೆಕಾಂಗ್ ಡೆಲ್ಟಾಗೆ, ಅಂದರೆ ಆ ನದಿ ಕವಲೊಡೆದು ಸಮುದ್ರ ಸೇರುವ ಬಯಲಿಗೆ, ಒಂದು ದಿನ ಇಟ್ಟುಕೊಂಡಿದ್ದೀರಾ? ನಮ್ಮದು ತಿಪಟೂರು ತಾಲ್ಲೂಕು, ತೆಂಗಿನ ತೋಟದ ಮನೆ. ನಾನು, ಮನೆಯವರು, ಅತ್ತೆ ಮೂವರೂ ಹೋಗಿ ಬಂದೆವು. ಆಮೇಲೆ ಊರಲ್ಲಿ, ನೆಂಟರಲ್ಲಿ ತುಂಬಾ ಜನ ವಿಚಾರಿಸುತ್ತಿದ್ದಾರೆ. ಒಬ್ಬೊಬ್ಬರಿಗೂ ಹೇಳುವ ಬದಲು ಬರೆದೇ ಬಿಡುತ್ತೇನೆ.

ಎಲ್ಲಕ್ಕಿಂತ ಮುಖ್ಯವಾದದ್ದನ್ನು ಮೊದಲೇ ಹೇಳುತ್ತೇನೆ. ಪ್ರವಾಸದ ಕಂಪನಿಗೆ ದುಡ್ಡು ಕಟ್ಟುವ ಮುಂಚೆ ನೀವು ಯಾರು, ಏನು ಬೆಳೆಯುತ್ತೀರಿ ಅಂತ ಬರೆದು ಕಳಿಸಿ. "ನಾವು ತೆಂಗು ಬೆಳೆಯುವವರು. ತೋಟದೊಳಗೆ ನಡೆಯಬೇಕು, ಕಾಯಿ ಸುಲಿಯುವ ಜಾಗ ನೋಡಬೇಕು, ಅಂಗಡಿಗಳಲ್ಲಿ ಜಾಸ್ತಿ ಹೊತ್ತು ಬೇಡ" ಅಂತ ಇಂಗ್ಲಿಷಿನಲ್ಲಿ ಮೂರು ಸಾಲು ಸಾಕು. ಇದಕ್ಕೆ ಸರಿಯಾಗಿ ಉತ್ತರ ಕೊಡುವವರ ಜೊತೆ ಹೋಗಿ. ಉತ್ತರವೇ ಕೊಡದೆ ದರಪಟ್ಟಿ ಮಾತ್ರ ಕಳಿಸುವವರನ್ನು ಬಿಡಿ. ಆ ಡೆಲ್ಟಾ ಅಂದರೆ ಬರೀ ದೋಣಿ, ಫೋಟೋ ಅಲ್ಲ. ಅದು ರೈತರ ನಾಡು. ವಿಯೆಟ್ನಾಂ ಬೆಳೆಯುವ ಭತ್ತದಲ್ಲಿ ಸುಮಾರು ಅರ್ಧ ಅಲ್ಲಿಂದಲೇ ಬರುತ್ತದೆ. ಬೆನ್ ಟ್ರೆ ಅನ್ನುವ ಭಾಗವಂತೂ ತೆಂಗಿಗೇ ಹೆಸರುವಾಸಿ, ನಮ್ಮ ಕಲ್ಪತರು ನಾಡಿನ ಹಾಗೇ.

ಜಾಗದ ಬಗ್ಗೆ ಸ್ವಲ್ಪ ತಿಳಿದುಕೊಂಡು ಹೋದರೆ ಒಳ್ಳೆಯದು. ಮೆಕಾಂಗ್ ನದಿ ಟಿಬೆಟ್ ಕಡೆಯ ಎತ್ತರದಲ್ಲಿ ಹುಟ್ಟುತ್ತದೆ. ಚೀನಾ, ಮ್ಯಾನ್ಮಾರ್, ಲಾವೋಸ್, ಥಾಯ್ಲೆಂಡ್, ಕಾಂಬೋಡಿಯಾ ದಾಟಿ 4,000 ಕಿ.ಮೀ.ಗೂ ಜಾಸ್ತಿ ಹರಿದು ವಿಯೆಟ್ನಾಂನಲ್ಲಿ ಸಮುದ್ರ ಸೇರುತ್ತದೆ. ಕಾಂಬೋಡಿಯಾದ ರಾಜಧಾನಿ ನೋಮ್ ಪೆನ್ ಹತ್ತಿರವೇ ಅದು ಕವಲೊಡೆಯಲು ಶುರು. ವಿಯೆಟ್ನಾಂಗೆ ಬಂದಾಗ ತಿಯೆನ್, ಹಾವ್ ಅನ್ನುವ ಎರಡು ದೊಡ್ಡ ಕವಲು. ಅವು ಮತ್ತೆ ಒಡೆದು, ನಡುವೆ ಸಾವಿರಾರು ಕಾಲುವೆ. ವಿಯೆಟ್ನಾಂ ಭಾಗದ ಡೆಲ್ಟಾ ಸುಮಾರು 40,000 ಚದರ ಕಿ.ಮೀ. ಅಂದರೆ ನಮ್ಮ ತುಮಕೂರು ಜಿಲ್ಲೆಯಂಥವು ಹೆಚ್ಚೂಕಡಿಮೆ ನಾಲ್ಕು. ತಿಪಟೂರು ಸಮುದ್ರ ಮಟ್ಟಕ್ಕಿಂತ 800 ಮೀಟರ್‌ಗೂ ಎತ್ತರದಲ್ಲಿದೆ. ಅಲ್ಲಿ ಬಹುತೇಕ ನೆಲ ಒಂದೆರಡು ಮೀಟರ್ ಎತ್ತರ, ಅಷ್ಟೇ. ಸಾವಿರ ಅಡಿ ಕೊರೆಸಿ ನೀರಿಗೆ ಕಾಯುವ ನಮ್ಮಂಥವರಿಗೆ ತೋಟದ ಬುಡದಲ್ಲೇ ನದಿ ನಿಂತಿರುವುದನ್ನು ನೋಡುವುದು ದೊಡ್ಡ ವಿಷಯ.

ವೀಸಾ ಸುಲಭ. ವಿಯೆಟ್ನಾಂ ಸರ್ಕಾರದ ಜಾಲತಾಣದಲ್ಲೇ ಇ-ವೀಸಾಗೆ ಅರ್ಜಿ ಹಾಕಿ. ಒಂದು ಸಲ ಹೋಗಿ ಬರುವುದಕ್ಕೆ 25 ಡಾಲರ್. ಹೆಸರು ಪಾಸ್‌ಪೋರ್ಟಿನಲ್ಲಿ ಇರುವ ಹಾಗೇ ಅಕ್ಷರ ಅಕ್ಷರವೂ ಸರಿ ಇರಲಿ. ನಮ್ಮಲ್ಲಿ ಇನಿಶಿಯಲ್ ಬಿಡಿಸಿ ಬರೆಯುವ ಗೊಂದಲ ಇರುತ್ತದೆ ನೋಡಿ, ಅಲ್ಲಿ ಹುಷಾರು. ಅವರ ಗಡಿಯಾರ ನಮಗಿಂತ ಒಂದೂವರೆ ಗಂಟೆ ಮುಂದೆ. ದೇವನಹಳ್ಳಿಯಿಂದ ಹೊರಟು ಇಳಿದ ಮರುದಿನವೇ ಡೆಲ್ಟಾ ಇಟ್ಟುಕೊಂಡರೆ ವಯಸ್ಸಾದವರಿಗೆ ಕಷ್ಟ. ನಡುವೆ ಒಂದು ದಿನ ಹೋ ಚಿ ಮಿನ್ ನಗರದಲ್ಲೇ ಇರಿ.

ಈಗ ಯಾವ ಪ್ರವಾಸ ಆರಿಸಿಕೊಳ್ಳಬೇಕು ಅನ್ನುವುದು. ಹೋ ಚಿ ಮಿನ್ ನಗರದಿಂದ ಒಂದು ದಿನದ ಪ್ರವಾಸದಲ್ಲಿ ಹೆಚ್ಚಾಗಿ ಕರೆದುಕೊಂಡು ಹೋಗುವುದು ಮಿ ಥೋ ಮತ್ತು ಬೆನ್ ಟ್ರೆಗೆ. ಮಿ ಥೋ ಸುಮಾರು 70 ಕಿ.ಮೀ., ಎರಡು ಗಂಟೆ ದಾರಿ. ಬೆಳಿಗ್ಗೆ ಏಳೂವರೆ, ಎಂಟಕ್ಕೆ ಹೊರಟರೆ ಸಂಜೆ ಐದಾರಕ್ಕೆ ವಾಪಸ್. ಕೆಲವರು ಅದೇ ಒಂದು ದಿನದಲ್ಲಿ ಕ್ಯಾನ್ ಥೋ ಊರಿನ ಕಾಯ್ ರಾಂಗ್ ತೇಲುವ ಸಂತೆಯನ್ನೂ ತೋರಿಸುತ್ತೇವೆ ಅನ್ನುತ್ತಾರೆ. ಅದಕ್ಕೆ ಮನಸ್ಸು ಮಾಡಬೇಡಿ. ಕ್ಯಾನ್ ಥೋ 160 ಕಿ.ಮೀ.ಗೂ ಜಾಸ್ತಿ ದೂರ, ಸಂತೆ ಸೇರುವುದು ನಸುಕಿನಲ್ಲಿ. ನಗರದಿಂದ ಬೆಳಿಗ್ಗೆ ಹೊರಟವರು ತಲುಪುವ ಹೊತ್ತಿಗೆ ದೋಣಿಗಳು ಚದುರಿರುತ್ತವೆ. ಸಂತೆಯೇ ಬೇಕಿದ್ದರೆ ಹಿಂದಿನ ರಾತ್ರಿ ಕ್ಯಾನ್ ಥೋದಲ್ಲಿ ಉಳಿಯಿರಿ. ಅಲ್ಲಿ ಒಂದೊಂದು ದೋಣಿಯವರೂ ಏನು ಮಾರುತ್ತಾರೋ ಅದನ್ನೇ ಉದ್ದನೆ ಗಳುವಿಗೆ ಕಟ್ಟಿ ಎತ್ತಿರುತ್ತಾರೆ. ಕುಂಬಳಕಾಯಿ ಇದ್ದರೆ ಕುಂಬಳಕಾಯಿ, ಅನಾನಸ್ ಇದ್ದರೆ ಅನಾನಸ್. ರಸ್ತೆ, ಸೇತುವೆ ಆದ ಮೇಲೆ ಆ ಸಂತೆ ಮೊದಲಿಗಿಂತ ತುಂಬಾ ಚಿಕ್ಕದಾಗಿದೆ.

ಮಿ ಥೋ ಮತ್ತು ಬೆನ್ ಟ್ರೆಗೂ ಎರಡು ಬಗೆಯ ಪ್ರವಾಸ ಇವೆ. ದೊಡ್ಡ ಬಸ್ಸಿನಲ್ಲಿ ಮೂವತ್ತು ನಲವತ್ತು ಜನರ ಗುಂಪು ಒಂದು. ಹತ್ತು ಹನ್ನೆರಡು ಜನರ ವ್ಯಾನ್ ಇನ್ನೊಂದು. ದೊಡ್ಡ ಗುಂಪು ಅಗ್ಗ, ನಿಜ. ಆದರೆ ಒಂದೊಂದು ಕಡೆಯೂ ಇಳಿದು, ಹತ್ತಿ, ಸಾಲು ನಿಲ್ಲುವುದರಲ್ಲೇ ದಿನ ಮುಗಿಯುತ್ತದೆ. ಗೈಡ್‌ಗೆ ನಿಮ್ಮ ಪ್ರಶ್ನೆ ಕೇಳುವ ಪುರುಸೊತ್ತು ಇರುವುದಿಲ್ಲ. ಮನೆಯವರೆಲ್ಲ ಸೇರಿ ನಾಲ್ಕೈದು ಜನ ಆದರೆ ಬೇರೆ ಕಾರು, ಬೇರೆ ಗೈಡ್ ಮಾಡಿಕೊಳ್ಳುವುದೇ ಒಳ್ಳೆಯದು. ತಲೆಗೆ ಹಂಚಿದರೆ ವ್ಯತ್ಯಾಸ ಅಷ್ಟೇನೂ ಬರುವುದಿಲ್ಲ. ಪಟ್ಟಿಯಲ್ಲಿ ದೋಣಿಯಲ್ಲಿ ಎಷ್ಟು ಹೊತ್ತು, ಅಂಗಡಿಯಲ್ಲಿ ಎಷ್ಟು ಹೊತ್ತು ಅಂತ ಕೇಳಿ. ನೀರಿನ ಮೇಲಿನ ಹೊತ್ತು ಎರಡು ಗಂಟೆಗಿಂತ ಕಡಿಮೆ ಇದ್ದರೆ ಬೇರೆಯವರನ್ನು ನೋಡಿ.

ಹೆಸರುಗಳ ಬಗ್ಗೆ ಒಂದು ಮಾತು. 2025ರ ಜುಲೈನಲ್ಲಿ ವಿಯೆಟ್ನಾಂ ತನ್ನ ಪ್ರಾಂತ್ಯಗಳನ್ನು ಒಟ್ಟುಗೂಡಿಸಿತು. ಬೆನ್ ಟ್ರೆ ಈಗ ವಿನ್ ಲಾಂಗ್ ಪ್ರಾಂತ್ಯಕ್ಕೆ ಸೇರಿದೆ, ಮಿ ಥೋ ಊರು ಡಾಂಗ್ ಥಾಪ್ ಪ್ರಾಂತ್ಯಕ್ಕೆ. ನಕ್ಷೆಯಲ್ಲಿ ಬೇರೆ ಹೆಸರು ಕಂಡರೆ ಗಾಬರಿ ಬೇಡ, ಜಾಗ ಅದೇ.

ಉಬ್ಬರ ಇಳಿತದ ಲೆಕ್ಕ ನಮ್ಮ ಬಯಲುಸೀಮೆಯವರಿಗೆ ಹೊಳೆಯುವುದೇ ಇಲ್ಲ. ಮಿ ಥೋದಿಂದ ಸಮುದ್ರ ದೂರ ಇಲ್ಲ. ದಿನಕ್ಕೆ ಎರಡು ಸಲ ನೀರು ಏರುತ್ತದೆ, ಎರಡು ಸಲ ಇಳಿಯುತ್ತದೆ. ನೀರು ಇಳಿದಾಗ ಸಣ್ಣ ಕಾಲುವೆಗಳಲ್ಲಿ ಕೆಸರೇ ಜಾಸ್ತಿ, ದೋಣಿ ಒಳಗೆ ಹೋಗುವುದಿಲ್ಲ. ಕಟ್ಟೆಯ ಮೆಟ್ಟಿಲು ಪಾಚಿ ಕಟ್ಟಿ ಜಾರುತ್ತದೆ, ದೋಣಿಗೂ ಮೆಟ್ಟಿಲಿಗೂ ಎತ್ತರದ ವ್ಯತ್ಯಾಸ ಬರುತ್ತದೆ. ಮಂಡಿ ನೋವಿನವರಿಗೆ ಇದೇ ದೊಡ್ಡ ಕಷ್ಟ. ಹುಣ್ಣಿಮೆ, ಅಮಾವಾಸ್ಯೆ ಆಸುಪಾಸಿನಲ್ಲಿ ಏರುವುದೂ ಜಾಸ್ತಿ, ಇಳಿಯುವುದೂ ಜಾಸ್ತಿ. ಆ ದಿನ ನೀರು ಏರುವುದು ಎಷ್ಟು ಗಂಟೆಗೆ ಅಂತ ಕೇಳಿ, ಸಣ್ಣ ದೋಣಿಯ ಸುತ್ತಾಟ ಆ ಹೊತ್ತಿಗೆ ಬರುವ ಹಾಗೆ ನೋಡಿಕೊಳ್ಳಿ. ದಿನದಿಂದ ದಿನಕ್ಕೆ ಆ ಹೊತ್ತು ಐವತ್ತು ನಿಮಿಷದಷ್ಟು ಮುಂದಕ್ಕೆ ಹೋಗುತ್ತದೆ. ಹಾಗಾಗಿ ಇವತ್ತು ಸರಿ ಇಲ್ಲದಿದ್ದರೆ ಮೂರು ನಾಲ್ಕು ದಿನ ಬಿಟ್ಟು ಸರಿಯಾಗುತ್ತದೆ.

ಕಾಲ ಯಾವುದು? ಡಿಸೆಂಬರ್‌ನಿಂದ ಏಪ್ರಿಲ್ ಒಣ ಕಾಲ, ಮೇಯಿಂದ ನವೆಂಬರ್ ಮಳೆ. ಸಂಕ್ರಾಂತಿ ಕಳೆದು ಹೋದರೆ ಮಳೆಯ ಕಾಟ ಇಲ್ಲ. ಆದರೆ ವಿಯೆಟ್ನಾಂ ಹೊಸ ವರ್ಷ ಜನವರಿ ಕೊನೆಯಿಂದ ಫೆಬ್ರವರಿ ನಡುವೆ ಬರುತ್ತದೆ. ಆ ವಾರ ಎಲ್ಲರೂ ಊರಿಗೆ ಹೋಗಿರುತ್ತಾರೆ, ತೋಟದ ಕೆಲಸ ನೋಡಲು ಸಿಗುವುದಿಲ್ಲ. ತಾರೀಖು ನೋಡಿಕೊಂಡು ಟಿಕೆಟ್ ಮಾಡಿಸಿ.

ಬೆಳಿಗ್ಗೆ ದಾರಿಯಲ್ಲಿ ಮಿ ಥೋದ ವಿನ್ ಟ್ರಾಂಗ್ ಪಗೋಡದಲ್ಲಿ ನಿಲ್ಲಿಸುತ್ತಾರೆ. ದೊಡ್ಡ ದೊಡ್ಡ ಬುದ್ಧನ ಮೂರ್ತಿಗಳಿವೆ, ನಿಂತದ್ದು, ಮಲಗಿದ್ದು, ನಗುತ್ತಾ ಕೂತದ್ದು. ಭುಜ, ಮಂಡಿ ಮುಚ್ಚುವ ಬಟ್ಟೆ ಇರಲಿ. ಅರ್ಧ ಗಂಟೆ ಸಾಕು.

ಆಮೇಲೆ ಮೋಟಾರು ದೋಣಿಯಲ್ಲಿ ತಿಯೆನ್ ನದಿ ದಾಟಿ ಥೋಯ್ ಸೊನ್ ದ್ವೀಪಕ್ಕೋ, ಬೆನ್ ಟ್ರೆ ದಡಕ್ಕೋ ಹೋಗುತ್ತೀರಿ. ನೀರು ಕಂದು ಬಣ್ಣ. ಅದು ಹೊಲಸಲ್ಲ, ಮೇಲಿನ ದೇಶಗಳಿಂದ ಬರುವ ಹೂಳು. ಆ ಹೂಳಿನಿಂದಲೇ ಈ ನೆಲ ಆದದ್ದು. ಮೇಲೆ ಅಣೆಕಟ್ಟುಗಳು ಆದ ಮೇಲೆ ಹೂಳು ಕಡಿಮೆಯಾಗಿ, ದಡ ಕುಸಿಯುತ್ತಿದೆ. ದಡದಲ್ಲಿ ಕಾಂಕ್ರೀಟ್, ಗೂಟ ಹಾಕಿರುವುದು ಯಾಕೆ ಅಂತ ಗೈಡ್‌ನ್ನು ಕೇಳಿ, ಹೇಳುತ್ತಾರೆ. ಲೈಫ್ ಜಾಕೆಟ್ ಕೊಟ್ಟರೆ ಸುಮ್ನೆ ಪಕ್ಕದಲ್ಲಿ ಇಟ್ಟುಕೊಳ್ಳಬೇಡಿ, ಹಾಕಿಕೊಳ್ಳಿ. ಕೊಡದಿದ್ದರೆ ಕೇಳಿ ಪಡೆಯಿರಿ.

ಸಣ್ಣ ಕಾಲುವೆಗೆ ಹುಟ್ಟು ಹಾಕುವ ದೋಣಿ. ನಾಲ್ಕು ಜನ ಒಬ್ಬರ ಹಿಂದೆ ಒಬ್ಬರು ಕೂರಬೇಕು. ಆಸನ ತುಂಬಾ ತಗ್ಗು. ಹತ್ತುವಾಗ ದೋಣಿಯ ನಟ್ಟ ನಡುವೆ ಕಾಲಿಟ್ಟು, ತಕ್ಷಣ ಕೂತುಬಿಡಿ. ಅಂಚು ಹಿಡಿದುಕೊಂಡರೆ ಪಕ್ಕದ ದೋಣಿ ತಾಗಿ ಬೆರಳು ಜಜ್ಜುತ್ತದೆ, ಕೈ ಮಡಿಲಲ್ಲಿರಲಿ. ಅತ್ತೆ ಸೀರೆಯಲ್ಲೇ ಬಂದಿದ್ದರು. ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು, ನಮ್ಮ ಕೈ ಹಿಡಿದು ಇಳಿದರು, ತೊಂದರೆ ಆಗಲಿಲ್ಲ. ಎರಡೂ ಕಡೆ ನೀಪಾ ಗಿಡಗಳು. ತೆಂಗಿನ ಗರಿಯಂಥದ್ದೇ ಗರಿ, ಆದರೆ ಕಾಂಡ ಕೆಸರಿನೊಳಗೇ ಇದ್ದು ಗರಿ ಮಾತ್ರ ನೀರಿನಿಂದ ಎದ್ದಂತೆ ಕಾಣುತ್ತದೆ. ಅದರ ಗರಿಯನ್ನು ಮನೆಗೆ ಹೊದಿಸುತ್ತಾರೆ. ಹುಟ್ಟು ಹಾಕುವವರು ಹೆಚ್ಚಾಗಿ ಆ ಊರಿನ ಹೆಂಗಸರು. ಇಳಿಯುವಾಗ ಅವರ ಕೈಗೇ 20,000 ಡಾಂಗ್ ಕೊಡಿ. ನಮ್ಮ ದುಡ್ಡಲ್ಲಿ ಎಪ್ಪತ್ತು ರೂಪಾಯಿ ಆಸುಪಾಸು, ಬಿಸಿಲಲ್ಲಿ ದುಡಿಯುವವರಿಗೆ ಅದು ಸೇರಲಿ. ಒಂದು ಎಚ್ಚರ: 20,000ದ ನೋಟೂ ನೀಲಿ, 5,00,000ದ ನೋಟೂ ನೀಲಿ. ಸೊನ್ನೆ ಎಣಿಸಿ ಕೊಡಿ. ಚಿಲ್ಲರೆ ನೋಟು ಬೇರೆ ಜೇಬಿನಲ್ಲಿ ಇಟ್ಟುಕೊಂಡರೆ ಸುಲಭ.

ತೋಟದೊಳಗೆ ಹೋದ ಮೇಲೆ ಅವಸರ ಮಾಡಬೇಡಿ. ಇದಕ್ಕೇ ನೀವು ಬಂದಿರುವುದು. ಅಲ್ಲಿ ಅಗಲವಾದ ಏರಿ ಹಾಕಿ, ಏರಿಯ ಮೇಲೆ ತೆಂಗು ನೆಡುತ್ತಾರೆ. ಎರಡು ಏರಿಗಳ ನಡುವೆ ಕಾಲುವೆ. ಉಬ್ಬರ ಬಂದಾಗ ನೀರು ತಾನಾಗೇ ಒಳಗೆ ಬರುತ್ತದೆ, ತೂಬು ಮುಚ್ಚಿದರೆ ನಿಲ್ಲುತ್ತದೆ. ಕಾಲುವೆಯ ತಳದ ಕೆಸರನ್ನು ಆಗಾಗ ಎತ್ತಿ ಬುಡಕ್ಕೆ ಹಾಕುತ್ತಾರೆ, ಅದೇ ಗೊಬ್ಬರ. ಕಾಲುವೆಯಲ್ಲಿ ಮೀನು, ಸಿಗಡಿ. ಕಾಯಿ ಕೆಡವಿ ಕಾಲುವೆಗೆ ಎಸೆದರೆ ತೇಲಿಸಿಕೊಂಡೇ ದೋಣಿವರೆಗೆ ಎಳೆದೊಯ್ಯುತ್ತಾರೆ. ಗಾಡಿ ಬೇಡ, ಹೊರುವವರು ಬೇಡ. ಸುಲಿಯುವುದು ಮಾತ್ರ ನಮ್ಮ ಹಾಗೇ, ನೆಟ್ಟ ಕಬ್ಬಿಣದ ಮೊನೆಗೆ ಕುಕ್ಕಿ. ಮನೆಯವರು ಅಲ್ಲಿದ್ದವರನ್ನು ಸನ್ನೆಯಲ್ಲೇ ಕೇಳಿ ತಾವೂ ಒಂದು ಕಾಯಿ ಸುಲಿದು ತೋರಿಸಿದರು. ಅಲ್ಲಿಂದ ಮುಂದೆ ಮಾತೇ ಬೇರೆಯಾಯಿತು. ಅವರೇ ಕರೆದು ಚಿಪ್ಪಿನ ಇದ್ದಿಲು, ನಾರು, ಎಲ್ಲ ತೋರಿಸಿದರು. ನಾವು ಅಟ್ಟದಲ್ಲಿ ಸುಮಾರು ಹತ್ತು ತಿಂಗಳು ಕಾಯಿ ಇಟ್ಟು ಉಂಡೆ ಕೊಬ್ಬರಿ ಮಾಡುತ್ತೇವೆ ಅಂತ ಫೋನಿನಲ್ಲಿ ಫೋಟೋ ತೋರಿಸಿದಾಗ ಅವರಿಗೆ ನಂಬಲು ಆಗಲಿಲ್ಲ. ಅದಕ್ಕೇ ಹೇಳುವುದು, ನಿಮ್ಮ ತೋಟ, ಅಟ್ಟ, ಕೊಬ್ಬರಿ ಮಾರುಕಟ್ಟೆಯ ಫೋಟೋ ಕೆಲವು ಫೋನಿನಲ್ಲಿ ಇರಲಿ.

ಕೇಳಬೇಕಾದ ಪ್ರಶ್ನೆಗಳನ್ನು ಮೊದಲೇ ಬರೆದುಕೊಳ್ಳಿ. ಅತ್ತೆ ನನಗೆ ಹೇಳಿದ್ದು, "ಹುಳ ಬಿದ್ದಿದೆಯಾ ಅಂತ ಕೇಳಮ್ಮ ಅವರನ್ನ." ಕೇಳಿದ್ದು ಒಳ್ಳೆಯದೇ ಆಯಿತು. ನಮ್ಮ ಗರಿ ತಿನ್ನುವ ಕಪ್ಪು ತಲೆ ಹುಳ 2020ರಿಂದ ಬೆನ್ ಟ್ರೆಯಲ್ಲೂ ಕಾಣಿಸಿಕೊಂಡಿದೆ. ನಮ್ಮಲ್ಲಿ ತೋಟಗಾರಿಕೆ ಇಲಾಖೆಯವರು ಆ ಹುಳವನ್ನು ಕೊಲ್ಲುವ ಗೋನಿಯೋಜಸ್ ಅನ್ನುವ ಸಣ್ಣ ಕಣಜ ಬಿಡುವ ಹಾಗೆ ಅಲ್ಲೂ ಪರೋಪಜೀವಿ ಕಣಜ ಸಾಕಿ ತೋಟಕ್ಕೆ ಬಿಡುತ್ತಾರೆ. ಎರಡನೆಯ ಪ್ರಶ್ನೆ ಉಪ್ಪಿನದು. ಒಣ ಕಾಲದಲ್ಲಿ ನದಿಯ ಹರಿವು ಕಡಿಮೆಯಾದಾಗ ಸಮುದ್ರದ ನೀರು ಒಳಗೆ ನುಗ್ಗುತ್ತದೆ. 2016ರಲ್ಲಿ, ಮತ್ತೆ 2020ರಲ್ಲಿ ಅದು ವಿಪರೀತವಾಗಿ ಬೆನ್ ಟ್ರೆ ಜನ ಕುಡಿಯುವ ನೀರಿಗೂ ಪರದಾಡಿದರು. ಮನೆಗಳ ಪಕ್ಕ ಆಳೆತ್ತರದ ಹಂಡೆಗಳು ಕಾಣುತ್ತವೆ, ಮಳೆ ನೀರು ಹಿಡಿದಿಡುವುದಕ್ಕೆ. ಸುತ್ತ ನೀರಿದ್ದೂ ನೀರಿಗೆ ಕಷ್ಟ ಪಡುವವರ ಮಾತು ಹೇಮಾವತಿ ನಾಲೆಗೆ ಕಾಯುವ ನಮಗೆ ಬೇಗ ಅರ್ಥ ಆಗುತ್ತದೆ.

ತೆಂಗಿನ ಮಿಠಾಯಿ ಮಾಡುವಲ್ಲಿಗೆ ಎಲ್ಲರನ್ನೂ ಕರೆದುಕೊಂಡು ಹೋಗುತ್ತಾರೆ. ಕಾಯಿ ಹಾಲು, ಸಕ್ಕರೆ, ಮೊಳಕೆ ಧಾನ್ಯದ ಪಾಕ ಸೇರಿಸಿ ಕಾಯಿಸಿ, ಕತ್ತರಿಸಿ, ತಿನ್ನಬಹುದಾದ ತೆಳ್ಳಗಿನ ಅಕ್ಕಿ ಹಾಳೆಯಲ್ಲಿ ಸುತ್ತುತ್ತಾರೆ. ಹಾಳೆ ತೆಗೆಯದೆ ಹಾಗೇ ತಿನ್ನಿ. ದುರಿಯನ್ ಹಣ್ಣು ಸೇರಿಸಿದ್ದು ಎಲ್ಲರಿಗೂ ಹಿಡಿಸುವುದಿಲ್ಲ, ರುಚಿ ನೋಡಿ ಕೊಳ್ಳಿ. ಜೇನು ಬೆರೆಸಿದ ಚಹಾ, ಹಣ್ಣು ಕೊಟ್ಟು, ಹಾಡು ಹಾಡುತ್ತಾರೆ. ಡಾನ್ ಕಾ ತಾಯ್ ತು ಅನ್ನುವ ಆ ಸಂಗೀತವನ್ನು ಯುನೆಸ್ಕೋ 2013ರಲ್ಲಿ ತನ್ನ ಪಟ್ಟಿಗೆ ಸೇರಿಸಿತು. ಹಾಡುವಾಗ ಮಾತಾಡದೆ ಕೇಳಿ. ಹೆಬ್ಬಾವು ಕೊರಳಿಗೆ ಹಾಕಿ ಫೋಟೋ ತೆಗೆಸುವುದು, ಹಾವು ಹಾಕಿದ ಮದ್ಯ ಇವೆಲ್ಲ ಬೇಡ ಅಂದರೆ ಯಾರೂ ಒತ್ತಾಯ ಮಾಡುವುದಿಲ್ಲ. ಪ್ರಾಣಿಗೆ ಹಿಂಸೆ, ದಯವಿಟ್ಟು ಬೇಡ ಅನ್ನಿ.

ಊಟದ ವಿಷಯ ಸಸ್ಯಾಹಾರಿಗಳು ಗಟ್ಟಿಯಾಗಿ ಹೇಳಲೇಬೇಕು. ಪ್ರವಾಸದ ಊಟದಲ್ಲಿ ಆನೆ ಕಿವಿ ಮೀನು ಅನ್ನುವ ಮೀನನ್ನು ಇಡಿಯಾಗಿ ಕರಿದು, ತಟ್ಟೆಯಲ್ಲಿ ನಿಲ್ಲಿಸಿ ತರುತ್ತಾರೆ. ತಿನ್ನುವವರಿಗೆ ಅದು ವಿಶೇಷ. ಸಸ್ಯಾಹಾರ ಅಂತ ಇಂಗ್ಲಿಷಿನಲ್ಲಿ ಹೇಳಿದರೆ ಮಾಂಸ ಬಿಟ್ಟು ಮೀನಿನ ಸಾರದಲ್ಲಿ ಬೇಯಿಸಿದ್ದು ಬರಬಹುದು. ಅವರ ಭಾಷೆಯಲ್ಲಿ "ಆನ್ ಚಾಯ್" ಅನ್ನಿ. ಬೌದ್ಧರು ಹುಣ್ಣಿಮೆ, ಅಮಾವಾಸ್ಯೆಗೆ ಮಾಡುವ ಊಟ ಅದು, ಎಲ್ಲರಿಗೂ ಗೊತ್ತು. ಕಾಯ್ದಿರಿಸುವಾಗಲೇ ಬರೆದು ಕಳಿಸಿ, ಬೆಳಿಗ್ಗೆ ಗೈಡ್‌ಗೆ ಮತ್ತೊಮ್ಮೆ ನೆನಪಿಸಿ. ಅತ್ತೆಗೆ ಅನ್ನ, ಹುರಿದ ತೋಫು, ಸೊಪ್ಪು ಬಂತು. ನಾವು ಒಯ್ದಿದ್ದ ಚಟ್ನಿಪುಡಿ ಜೊತೆ ಹೊಟ್ಟೆ ತುಂಬಾ ಊಟ ಮಾಡಿದರು.

ಕೊನೆಯದಾಗಿ, ನಮ್ಮ ತೋಟದವರಿಗೆ ಬರುವ ಆಸೆ ನನಗೆ ಗೊತ್ತು. ಅಲ್ಲಿನ ಗಿಡ್ಡ ತಳಿ, ಕಾಯಿ ಗೊಂಚಲು ನೋಡಿದರೆ ಒಂದು ಬೀಜದ ಕಾಯಿ ಬ್ಯಾಗಿಗೆ ಹಾಕಿಕೊಳ್ಳೋಣ ಅನಿಸುತ್ತದೆ. ಬೇಡವೇ ಬೇಡ. ಹೊರದೇಶದ ಬೀಜ, ಸಸಿ ತರಲು ಸಸ್ಯ ಸಂಪರ್ಕತಡೆಯ ಅನುಮತಿ ಬೇಕು. ಕಣ್ಣಿಗೆ ಕಾಣದ ರೋಗ ಒಂದು ಕಾಯಿಯಲ್ಲಿ ಬಂದರೂ ಇಡೀ ತಾಲ್ಲೂಕಿನ ತೋಟಕ್ಕೆ ಅಪಾಯ. ನುಸಿ ಪೀಡೆಯ ಕಾಲ ನೋಡಿದವರಿಗೆ ಇದನ್ನು ಹೇಳಬೇಕಿಲ್ಲ. ತೋಟದಲ್ಲಿ ಹಾಕಿಕೊಂಡ ಚಪ್ಪಲಿಯ ಮಣ್ಣನ್ನೂ ಹೋಟೆಲಿನಲ್ಲೇ ತೊಳೆದು ಬನ್ನಿ. ಮಿಠಾಯಿ ತನ್ನಿ, ಚಿಪ್ಪಿನ ಸೌಟು ತನ್ನಿ. ವಾಪಸ್ ಬರುವಾಗ ನಗರದ ಹೊರಗೆ ಸಂಜೆ ವಾಹನ ದಟ್ಟಣೆ ಜಾಸ್ತಿ, ಹಾಗಾಗಿ ಆ ರಾತ್ರಿಯ ವಿಮಾನಕ್ಕೆ ಟಿಕೆಟ್ ಮಾಡಿಸಬೇಡಿ.