ಮಕ್ಕಳ ಮಲಬದ್ಧತೆ: ತಿಂದ ಮೇಲೆ ಕೂರಿಸಿ, ಕಾಲಿಗೆ ಮಣೆ ಕೊಡಿ

ಟಾಯ್ಲೆಟ್ ಅಭ್ಯಾಸವಾದ ಮಗುವಿಗೆ ಮಲಬದ್ಧತೆ ಇದ್ದರೆ, ಬೆಳಗಿನ ತಿಂಡಿ ಮತ್ತು ರಾತ್ರಿ ಊಟ ಆದ ಅರ್ಧ ಗಂಟೆಯೊಳಗೆ 5 ನಿಮಿಷ ಕಮೋಡ್ ಮೇಲೆ ಕೂರಿಸಿ. ಪಾದದ ಕೆಳಗೆ ಮಣೆ ಇಡಿ, ಮಂಡಿ ಸೊಂಟಕ್ಕಿಂತ ತುಸು ಮೇಲೆ ಬರಬೇಕು. ಹೊಟ್ಟೆಗೆ ಆಹಾರ ಬಿದ್ದಾಗ ದೊಡ್ಡ ಕರುಳು ತಾನಾಗಿಯೇ ಚುರುಕಾಗುತ್ತದೆ. ಕಾಲು ಜೋತಾಡುತ್ತಿದ್ದರೆ ತಿಣುಕಲು ಆಧಾರ ಸಿಗದೆ ಗುದದ ಸುತ್ತಲಿನ ಸ್ನಾಯು ಸರಿಯಾಗಿ ಸಡಿಲವಾಗುವುದಿಲ್ಲ. ಬಂದರೂ ಬರದಿದ್ದರೂ ಕೂತಿದ್ದಕ್ಕೆ ಶಭಾಷ್ ಅನ್ನಿ. ದಯವಿಟ್ಟು ಗದರಬೇಡಿ, ಹೆದರಿದ ಮಗು ಇನ್ನಷ್ಟು ಬಿಗಿಹಿಡಿಯುತ್ತದೆ. ಜೊತೆಗೆ ಹಣ್ಣು, ತರಕಾರಿ, ಕಾಳು, ಸಾಕಷ್ಟು ನೀರು ಕೊಡಿ. ಹಾಲು ದಿನಕ್ಕೆ ಅರ್ಧ ಲೀಟರ್ ದಾಟದಿರಲಿ, ಹಾಲಲ್ಲೇ ಹೊಟ್ಟೆ ತುಂಬಿದರೆ ನಾರಿನಂಶದ ಊಟ ಸೇರುವುದಿಲ್ಲ. ಗಟ್ಟಿ ಮಲ ಆಗಲೇ ಒಳಗೆ ತುಂಬಿಕೊಂಡಿದ್ದರೆ ಇಷ್ಟು ಸಾಲದು. ಅದರ ಸುತ್ತ ಸೋರಿದ ತೆಳು ಮಲ ಚಡ್ಡಿಗೆ ಕಲೆ ಮಾಡುತ್ತಿರುತ್ತದೆ. ಅದನ್ನು ಭೇದಿ ಅಂದುಕೊಂಡು ಭೇದಿ ನಿಲ್ಲಿಸುವ ಔಷಧಿ ಕೊಟ್ಟರೆ ಕಟ್ಟಿಕೊಂಡಿದ್ದು ಇನ್ನೂ ಹೆಚ್ಚುತ್ತದೆ. ಮೊದಲು ವೈದ್ಯರ ಸಲಹೆಯಂತೆ ಮಲ ಮೆತ್ತಗಾಗಿಸುವ ಔಷಧಿಯಿಂದ ಕರುಳು ಖಾಲಿಯಾಗಬೇಕು, ಆಮೇಲೆ ಈ ಅಭ್ಯಾಸ ಹಿಡಿಯುತ್ತದೆ. ಮಲದಲ್ಲಿ ರಕ್ತ, ವಾಂತಿ, ಹೊಟ್ಟೆ ಉಬ್ಬರ ಕಂಡರೆ ಕಾಯದೆ ಅಂದೇ ತೋರಿಸಿ.