ಚಿಪ್ಪು ಜಾರುತ್ತಿಲ್ಲ, ಮಂಡಿ ಮಡಚುತ್ತಿಲ್ಲ

"ಆಪರೇಷನ್ ಆದ್ಮೇಲೆ ಒಂದು ಸಲವೂ ಜಾರಿಲ್ಲ ಡಾಕ್ಟ್ರೇ. ಆದ್ರೆ ಕುಕ್ಕರಗಾಲಲ್ಲಿ ಕೂರೋಕೇ ಆಗ್ತಿಲ್ಲ."

ಮಂಡಿ ಚಿಪ್ಪು ಮತ್ತೆ ಮತ್ತೆ ಜಾರುತ್ತಿದ್ದಕ್ಕೆ ನಾನೇ ಆಪರೇಷನ್ ಮಾಡಿ, ಆರು ತಿಂಗಳ ತಪಾಸಣೆಗೆ ಬಂದ ಹುಡುಗಿಯ ಮಾತಿದು. ಅವಳ ಫೈಲಿನಲ್ಲಿ ನಾನು 'ಫಲಿತಾಂಶ ಚೆನ್ನಾಗಿದೆ' ಅಂತ ಆಗಲೇ ಬರೆದಾಗಿತ್ತು. ಮಲಗಿಸಿ ಮಂಡಿ ಮಡಚಿದೆ. 90 ಡಿಗ್ರಿ ದಾಟುತ್ತಿದ್ದಂತೆ ಹಗ್ಗ ಎಳೆದು ಹಿಡಿದ ಹಾಗೆ ನಿಂತುಬಿಟ್ಟಿತು. ಎಕ್ಸ್‌ರೇ ತೆಗೆಸಿದರೆ, ಚಿಪ್ಪು ಹಿಡಿದಿಡುವ ಹೊಸ ಪಟ್ಟಿ ಕೂರಿಸಲು ತೊಡೆ ಮೂಳೆಯಲ್ಲಿ ನಾನು ಕೊರೆದ ತೂತು ಇರಬೇಕಾದ ಜಾಗಕ್ಕಿಂತ ಸುಮಾರು 8 ಮಿಲಿಮೀಟರ್ ಮೇಲಿತ್ತು. ತಪ್ಪು ನನ್ನದೇ.

ಮಂಡಿ ಚಿಪ್ಪು ಜಾರುವುದು ಹೆಚ್ಚುಕಡಿಮೆ ಯಾವಾಗಲೂ ಹೊರಬದಿಗೆ. ಅದನ್ನು ಒಳಬದಿಯಿಂದ ಹಿಡಿದಿಟ್ಟಿರುವುದು ಎಂಪಿಎಫ್‌ಎಲ್ ಅನ್ನುವ ತೆಳ್ಳಗಿನ ಲಿಗಮೆಂಟ್ (ಮೂಳೆಗೆ ಮೂಳೆ ಕಟ್ಟುವ ಪಟ್ಟಿ). ಮಂಡಿ ಮಡಚುವ ಮೊದಲ 20–30 ಡಿಗ್ರಿಯಲ್ಲಿ ಅದರದೇ ಕೆಲಸ ಜಾಸ್ತಿ. ಆಮೇಲೆ ಚಿಪ್ಪು ತೊಡೆ ಮೂಳೆಯ ತೋಡಿನೊಳಗೆ ಇಳಿದು ತಾನೇ ಭದ್ರವಾಗುತ್ತದೆ. ಮೊದಲ ಸಲ ಜಾರಿದಾಗಲೇ ಬಹುತೇಕ ಲಿಗಮೆಂಟ್ ಹರಿಯುತ್ತದೆ. ಮತ್ತೆ ಕೂಡಿಕೊಂಡರೂ ಸಡಿಲವಾಗಿಯೇ ಇರುವುದುಂಟು. ಮೊದಲ ಸಲಕ್ಕೆ ನಾನು ಸಾಮಾನ್ಯವಾಗಿ ಕತ್ತಿ ಹಿಡಿಯುವುದಿಲ್ಲ. ಮೂಳೆಯ ಚೂರು ಒಳಗೆ ಬಿದ್ದಿದ್ದರೆ ಮಾತು ಬೇರೆ. ಮತ್ತೆ ಮತ್ತೆ ಜಾರುವವರಿಗೆ ಆಪರೇಷನ್.

ಆಪರೇಷನ್‌ನಲ್ಲಿ ತೊಡೆಯ ಒಂದು ನರ ತೆಗೆದು (ಜನ 'ನರ' ಅನ್ನುತ್ತಾರೆ, ಅದು ನಿಜವಾಗಿ ಮಾಂಸಖಂಡದ ತುದಿಯ ದಾರ) ಹೊಸ ಲಿಗಮೆಂಟ್ ಮಾಡುತ್ತೇವೆ. ಚಿಪ್ಪಿನ ಕಡೆ ಕೂರಿಸುವುದು ಅಷ್ಟು ಕಷ್ಟವಲ್ಲ. ತೊಡೆ ಮೂಳೆಯ ಕಡೆಯ ಜಾಗವೇ ಎಲ್ಲ. ಅದು ಮೇಲೆ ಹೋದರೆ ಮಂಡಿ ಮಡಚಿದಷ್ಟೂ ದಾರ ಬಿಗಿಯುತ್ತದೆ. ಆ ಜಾಗವನ್ನು ಎಕ್ಸ್‌ರೇಯಲ್ಲಿ ಹೇಗೆ ಗುರುತಿಸಬೇಕು ಅಂತ 2007ರಲ್ಲೇ ಶಾಟ್ಲೆ ಮತ್ತು ಸಂಗಡಿಗರು ತೋರಿಸಿದ್ದರು. ನನಗೂ ಗೊತ್ತಿತ್ತು. ಆದರೂ ಬೆರಳಲ್ಲಿ ಮುಟ್ಟಿದರೆ ಸಿಗುತ್ತೆ ಬಿಡು ಅನ್ನುವ ಧೈರ್ಯ. ಈಗ ಸಿ-ಆರ್ಮ್ (ಆಪರೇಷನ್ ನಡುವೆಯೇ ಎಕ್ಸ್‌ರೇ ತೋರಿಸುವ ಯಂತ್ರ) ಪರದೆಯಲ್ಲಿ ತೊಡೆ ಮೂಳೆಯ ಕೆಳತುದಿಯ ಎರಡು ಗುಂಡುಗಳೂ ಒಂದರ ಮೇಲೊಂದು ಸರಿಯಾಗಿ ಕೂರುವ ತನಕ ಡ್ರಿಲ್ ಮುಟ್ಟುವುದಿಲ್ಲ. ಕಾಲು ತುಸು ತಿರುಗಿದ್ದರೂ ಪರದೆ ಸುಳ್ಳು ಹೇಳುತ್ತದೆ. ಸಿಸ್ಟರ್ ಗಡಿಯಾರ ನೋಡುತ್ತಾರೆ, ನೋಡಲಿ.

ಬಿಗಿಯ ವಿಷಯವೂ ಅಷ್ಟೇ. "ಚೆನ್ನಾಗಿ ಬಿಗಿದುಬಿಡಿ ಡಾಕ್ಟ್ರೇ, ಇನ್ನೊಂದ್ ಸಲ ಜಾರಬಾರದು" ಅಂತ ಅಪ್ಪ ಅಮ್ಮ ಹೇಳುತ್ತಾರೆ. ಬಿಗಿದರೆ ಚಿಪ್ಪಿನ ಒಳಬದಿಯ ಮೃದ್ವಸ್ಥಿ (ಮೂಳೆಯ ಮೇಲಿನ ನುಣುಪು ಪದರ) ಒತ್ತಡಕ್ಕೆ ಸಿಕ್ಕಿ ಸವೆಯುತ್ತದೆ. ಹೊಸ ಲಿಗಮೆಂಟ್ ಗೂಟಕ್ಕೆ ಕಟ್ಟಿದ ಹಸುವಿನ ಹಗ್ಗದ ಹಾಗಿರಬೇಕು. ಹಸು ಬೇಲಿ ಹಾರಲು ಹೊರಟಾಗ ಮಾತ್ರ ಅದು ಎಳೆಯಬೇಕು. ಮಂಡಿಯನ್ನು 30 ಡಿಗ್ರಿಯಲ್ಲಿಟ್ಟು ಸ್ಕ್ರೂ ಹಾಕುವ ಮುಂಚೆ ಹೆಬ್ಬೆರಳಲ್ಲಿ ಚಿಪ್ಪನ್ನು ತಳ್ಳಿ ನೋಡುತ್ತೇನೆ. ಸ್ವಲ್ಪ ಸರಿದು ನಿಲ್ಲಬೇಕು.

ಆ ಹುಡುಗಿಗೆ ಮತ್ತೆ ಆಪರೇಷನ್ ಮಾಡಿ ಬಿಗಿ ಬಿಡಿಸಿದೆ. 130 ಡಿಗ್ರಿ ತನಕ ಬಂತು.

ಇನ್ನೊಬ್ಬ ಹುಡುಗನದು ಉಲ್ಟಾ ಕತೆ. ತೂತು ಸರಿ, ಬಿಗಿ ಸರಿ, ಆದರೂ ಚಿಪ್ಪು ಮತ್ತೆ ಜಾರಿತು. ಅವನ ತೊಡೆ ಮೂಳೆಯ ತೋಡು ಸಪಾಟಾಗಿತ್ತು, ಚಿಪ್ಪು ಎತ್ತರದಲ್ಲಿತ್ತು. ಕಾಲು ಚಾಚುವಾಗ ಚಿಪ್ಪು ಟಕ್ ಅಂತ ಹೊರಗೆ ಹಾರುತ್ತಿತ್ತು. ಕಣ್ಣಿಗೆ ಕಂಡಿದ್ದನ್ನೂ ನಾನು ಲೆಕ್ಕಕ್ಕೆ ತಗೊಳ್ಳಲಿಲ್ಲ. ಈಗ ಆಪರೇಷನ್‌ಗೆ ಮುಂಚೆ ತೋಡಿನ ಆಕಾರ, ಚಿಪ್ಪಿನ ಎತ್ತರ, ಚಿಪ್ಪಿನ ದಾರ ಕೆಳಗಿನ ಮೂಳೆಗೆ ಅಂಟುವ ಉಬ್ಬು ತೋಡಿನಿಂದ ಎಷ್ಟು ಹೊರಗಿದೆ ಅನ್ನುವುದು, ಮೂರನ್ನೂ ಅಳೆಯುತ್ತೇನೆ. ಆ ಅಂತರ 20 ಮಿಲಿಮೀಟರ್ ದಾಟಿದರೆ ಆ ಉಬ್ಬನ್ನೇ ಕತ್ತರಿಸಿ ಒಳಕ್ಕೆ ಸರಿಸುವ ಯೋಚನೆ ಮಾಡುತ್ತೇನೆ. ಇನ್ನೂ ಬೆಳೆಯುತ್ತಿರುವ ಮಕ್ಕಳಲ್ಲಿ ಹಾಗೆ ಕತ್ತರಿಸುವಂತಿಲ್ಲ.

ಫಲಿತಾಂಶ ಅಂದರೆ ಏನು ಅನ್ನುವುದಕ್ಕೆ ಬರ್ತೀನಿ. ಮತ್ತೆ ಜಾರುವುದನ್ನಷ್ಟೇ ಎಣಿಸಿದರೆ ನಾವು ಹೆಮ್ಮೆಪಡಬಹುದು. ಸರಿಯಾಗಿ ಆರಿಸಿಕೊಂಡವರಲ್ಲಿ ಅದು ಅಪರೂಪ. ಆದರೆ ಮಂಡಿ ಚಿಪ್ಪಿನ ತೊಂದರೆ ಅಳೆಯುವ ಕುಜಾಲ ಪ್ರಶ್ನಾವಳಿ ತೆಗೆದು ನೋಡಿ. 13 ಪ್ರಶ್ನೆ, ಒಟ್ಟು 100 ಅಂಕ. ಚಿಪ್ಪು ಜಾರುವುದರ ಬಗ್ಗೆ ಇರುವುದು ಒಂದೇ ಪ್ರಶ್ನೆ, ಅದಕ್ಕೆ 10 ಅಂಕ. ಉಳಿದದ್ದೆಲ್ಲ ನೋವು, ಊತ, ಮೆಟ್ಟಿಲು, ಓಟ, ಕುಕ್ಕರಗಾಲು, ತುಂಬ ಹೊತ್ತು ಮಂಡಿ ಮಡಚಿ ಕೂರುವುದು, ಇಂಥವೇ. ಹತ್ತಾರು ಸಲ ಜಾರಿದ ಮಂಡಿಯಲ್ಲಿ ಮೃದ್ವಸ್ಥಿ ಆಗಲೇ ಉಜ್ಜಿಹೋಗಿರುತ್ತದೆ. ಹೊಸ ಲಿಗಮೆಂಟ್ ಅದನ್ನು ವಾಪಸ್ ತರಲ್ಲ. ಅದಕ್ಕೇ ಆಪರೇಷನ್ ವೇಳೆ ಮಂಡಿಯೊಳಗೆ ದುರ್ಬೀನಿನಲ್ಲಿ ಕಂಡದ್ದರ ಫೋಟೋವನ್ನು ಮಾರನೇ ದಿನವೇ ರೋಗಿಗೆ ತೋರಿಸಿಬಿಡುತ್ತೇನೆ. ಆಮೇಲೆ ಮೆಟ್ಟಿಲಿಳಿಯುವಾಗ ನೋವು ಅಂದರೆ ಇಬ್ಬರಿಗೂ ಆಶ್ಚರ್ಯವಿರುವುದಿಲ್ಲ.

ಮತ್ತೆ ಭಯ. ಚಿಪ್ಪನ್ನು ಹೊರಗೆ ತಳ್ಳಲು ಹೆಬ್ಬೆರಳು ಇಟ್ಟರೆ ಸಾಕು, ರೋಗಿಯ ಕೈ ಬಂದು ನನ್ನ ಮಣಿಕಟ್ಟು ಹಿಡಿಯುತ್ತದೆ. ಚಿಪ್ಪು ಮತ್ತೆ ಜಾರಿದ ಆ ಹುಡುಗನಿಗೆ ಎರಡನೇ ಸಲ ಆಪರೇಷನ್ ಆಗಿ ಈಗ ಒಂದು ವರ್ಷವಾಯಿತು. ಎಂಆರ್‌ಐ ಚೆನ್ನಾಗಿದೆ, ತೊಡೆಯ ಶಕ್ತಿಯೂ ಬಂದಿದೆ. ಮೊನ್ನೆ ಪರೀಕ್ಷೆ ಮಾಡುವಾಗಲೂ ಕೈ ಹಿಡಿದ. ಫುಟ್‌ಬಾಲ್ ಕೇಳಿದ, ಇನ್ನೂ ಬೇಡ ಅಂದೆ. ಸದ್ಯ ಫಿಸಿಯೋಥೆರಪಿಸ್ಟ್ ಅವನಿಂದ ಒಂಟಿ ಕಾಲಲ್ಲಿ ಹಾರಿ ಇಳಿಯುವುದನ್ನು ಮಾಡಿಸುತ್ತಿದ್ದಾರೆ, ಮೊದಲು ಗೋಡೆ ಹಿಡಿದುಕೊಂಡು.