ಮಾಯೆಗೆ ಬೆಲೆ ಕಟ್ಟುವುದು: ಫ್ಯಾಂಟಸಿ ಲೋಕದ ವಿದ್ಯೆಗಳನ್ನು ನಾನು ರೂಪಿಸುವ ಬಗೆ

ಫ್ಯಾಂಟಸಿ ಕಾದಂಬರಿಗೆ ಲೋಕ ಕಟ್ಟಲು ಕೂತಾಗ ನಾನು ಮೊದಲು ಬರೆದುಕೊಳ್ಳುವುದು ಪ್ರತಿ ವಿದ್ಯೆಯ ಬೆಲೆ. ಮಂತ್ರ ಹಾಕಿದವನ ಕೈಯಿಂದ ಏನು ಹೋಗುತ್ತದೆ? ಇದನ್ನು ಗೊತ್ತುಮಾಡದೆ ಮಂತ್ರಗಳ ಪಟ್ಟಿ ಬೆಳೆಸಿದರೆ, "ಇಷ್ಟೆಲ್ಲ ಬಲ್ಲವನು ಆಗಲೇ ಇದನ್ನೇಕೆ ಮಾಡಲಿಲ್ಲ?" ಎಂದು ಓದುಗರು ಕೇಳಿಯೇ ಕೇಳುತ್ತಾರೆ. ಒಂದು ಲೋಕಕ್ಕೆ ಮೂರು ಬಗೆ ಧಾರಾಳ ಸಾಕು. ನನ್ನ ಲೋಕದಲ್ಲಿ ಶಕ್ತಿವಿದ್ಯೆ ಮೈಯ ಕಸುವನ್ನು ತಿನ್ನುತ್ತದೆ, ಮಾಟಕ್ಕೆ ವಸ್ತು ಖರ್ಚಾಗುತ್ತದೆ, ವರಕ್ಕೆ ಮಾತು ಕೊಡಬೇಕಾಗುತ್ತದೆ. ಮೂರಕ್ಕೂ ಆಯಾಸವೊಂದೇ ಬೆಲೆಯಾದರೆ ಹೆಸರು ಮೂರು, ವಿದ್ಯೆ ಒಂದೇ.

ಶಕ್ತಿವಿದ್ಯೆಗೆ ಭೌತಶಾಸ್ತ್ರದ ಲೆಕ್ಕವನ್ನೇ ಹಚ್ಚುತ್ತೇನೆ. 25 ಡಿಗ್ರಿಯ ಒಂದು ಲೀಟರ್ ನೀರು 100 ಡಿಗ್ರಿ ಮುಟ್ಟಲು ಸುಮಾರು 314 ಕಿಲೋಜೌಲ್, ಅಂದರೆ 75 ಕಿಲೋಕ್ಯಾಲೊರಿ ಬೇಕು. 70 ಕೆಜಿಯ ಮನುಷ್ಯನನ್ನು 3 ಮೀಟರ್ ಮೇಲೆತ್ತಲು 2 ಕಿಲೋಜೌಲ್‌ಗಿಂತ ತುಸು ಹೆಚ್ಚು ಸಾಕು. ಒಂದು ಲೀಟರ್ ಕುದಿಸುವ ಕಸುವಿನಲ್ಲಿ ಅವನನ್ನು 150 ಸಲ ಎತ್ತಬಹುದು! ಹಾಗಾಗಿ ಭಾರ ಎತ್ತುವ ವಿದ್ಯೆ ಅಗ್ಗ, ಬೆಂಕಿಯ ವಿದ್ಯೆ ವಿಪರೀತ ದುಬಾರಿ. ಬಹುತೇಕ ಹೊಸಬರು ಇದನ್ನು ತಲೆಕೆಳಗು ಮಾಡಿಕೊಳ್ಳುತ್ತಾರೆ. ದಿನಕ್ಕೆ 2000 ಕಿಲೋಕ್ಯಾಲೊರಿ ಉಣ್ಣುವವನು ಅಷ್ಟನ್ನೂ ಸುರಿದರೆ ಕುದಿಯುವುದು 26 ಲೀಟರ್ ನೀರು. ಅದನ್ನು ಮೀರಿದರೆ ಮೈಯ ಕೊಬ್ಬು ಕರಗಬೇಕು; ಒಂದು ಕೆಜಿ ಕೊಬ್ಬಿಗೆ ಸುಮಾರು 7700 ಕಿಲೋಕ್ಯಾಲೊರಿ. ಯುದ್ಧದಿಂದ ಮರಳಿದ ಬೆಂಕಿಯ ಮಾಂತ್ರಿಕನ ಬಟ್ಟೆ ಸಡಿಲವಾಗಿರುವುದು ಈ ಲೆಕ್ಕದಿಂದ.

ಹಿಮದ ವಿದ್ಯೆಯಲ್ಲಿ ಲೆಕ್ಕ ತಿರುಗುತ್ತದೆ. ಅದೇ ಒಂದು ಲೀಟರ್ ಮಂಜುಗಡ್ಡೆಯಾಗುವಾಗ ಸುಮಾರು 440 ಕಿಲೋಜೌಲ್ ಶಾಖ ಹೊರಬೀಳುತ್ತದೆ, ಅದು ಎಲ್ಲಿಗಾದರೂ ಹೋಗಲೇಬೇಕು. ಮಾಂತ್ರಿಕನ ಮೈಗೇ ಹೋದರೆ 70 ಕೆಜಿಯ ಆಳಿಗೆ ಹತ್ತಿರ ಹತ್ತಿರ 2 ಡಿಗ್ರಿ ಏರುತ್ತದೆ: ಒಂದು ಲೀಟರಿಗೆ ಜ್ವರ, ಎರಡಕ್ಕೆ ಪ್ರಾಣಾಪಾಯ. ಇನ್ನು ಬೆಂಕಿಯ ಮಾಂತ್ರಿಕನಿಗೆ ಕುಲುಮೆಯಿಂದಲೋ ನದಿಯಿಂದಲೋ ಶಾಖ ಎಳೆದುಕೊಳ್ಳಲು ಬಿಟ್ಟರೆ ಈ ಮಿತಿಗಳೆಲ್ಲ ಕುಸಿಯುತ್ತವೆ. ಅದಕ್ಕೇ ಶಾಖ ಎಳೆಯುವಾಗ ಅಂಗೈ ಅದರ ಮೂಲಕ್ಕೆ ತಾಗಿರಲೇಬೇಕು ಎಂಬ ನಿಯಮ ಇಟ್ಟುಕೊಂಡಿದ್ದೇನೆ. ಕುಲುಮೆಗೆ ಅಂಗೈ ಒತ್ತಿ ಎಷ್ಟು ಹೊತ್ತು ನಿಂತಾನು?

ಮಾಟಕ್ಕೆ ಮಾನವಶಾಸ್ತ್ರಜ್ಞ ಜೇಮ್ಸ್ ಫ್ರೇಜರ್ ಗುರುತಿಸಿದ ಎರಡು ತತ್ವಗಳೇ ತಳಹದಿ: ಹೋಲುವುದು ಹೋಲುವುದನ್ನು ಮುಟ್ಟುತ್ತದೆ, ಒಮ್ಮೆ ಅಂಟಿಕೊಂಡಿದ್ದದ್ದು ದೂರ ಹೋದರೂ ನಂಟು ಬಿಡುವುದಿಲ್ಲ. ಗೊಂಬೆ ಮೊದಲನೆಯದು, ಕೂದಲು ಎರಡನೆಯದು. ಹಾಗೇ ಬಿಟ್ಟರೆ ಕ್ಷೌರಿಕನೊಬ್ಬ ಇಡೀ ರಾಜವಂಶವನ್ನು ಮುಗಿಸಿಬಿಡಬಹುದು. ಆದ್ದರಿಂದ ನಂಟಿಗೆ ಆಯಸ್ಸು ಕೊಡುತ್ತೇನೆ: ಉಟ್ಟ ಬಟ್ಟೆಗೆ ಮೂರು ದಿನ, ಕಿತ್ತ ಕೂದಲಿಗೆ ಒಂದು ಹುಣ್ಣಿಮೆಯಿಂದ ಇನ್ನೊಂದರವರೆಗೆ. ಒಂದು ಎಳೆ ಒಂದೇ ಸಲಕ್ಕೆ, ಆಮೇಲೆ ಬೂದಿ. ಎಳೆಯನ್ನು ಬರಿಗೈಯಲ್ಲಿ ಮುಟ್ಟಿದ ಮಾಟಗಾರನಿಗೂ ಅದೇ ನಂಟು ಹತ್ತುತ್ತದೆ, ಹಾಗಾಗಿ ಅವರೆಲ್ಲ ಇಕ್ಕಳ ಹಿಡಿಯುತ್ತಾರೆ. ಇಷ್ಟು ಗೊತ್ತಾದ ಮೇಲೆ ಸಮಾಜ ತಾನಾಗಿ ರೂಪುಗೊಳ್ಳುತ್ತದೆ: ಅರಮನೆಯ ಕ್ಷೌರಿಕ ಪ್ರಮಾಣ ಮಾಡಿ ಕೆಲಸಕ್ಕೆ ಸೇರುತ್ತಾನೆ, ಬಾಚಣಿಗೆ ಕದ್ದವನಿಗೆ ಕೊಲೆಯತ್ನದ ಶಿಕ್ಷೆ.

ವರದಲ್ಲಿ ಪದಗಳೇ ಎಲ್ಲ. ಹಿರಣ್ಯಕಶಿಪುವಿನ ವರ ಇಂದಿಗೂ ಒಳ್ಳೆಯ ಮಾದರಿ: ಒಳಗೂ ಅಲ್ಲ ಹೊರಗೂ ಅಲ್ಲ, ಹಗಲೂ ಅಲ್ಲ ಇರುಳೂ ಅಲ್ಲ; ಹೊಸ್ತಿಲು ಮತ್ತು ಮುಸ್ಸಂಜೆ ಆ ಮಾತಿನೊಳಗೇ ಅಡಗಿ ಕೂತಿವೆ. ವರದ ಪೂರ್ತಿ ವಾಕ್ಯವನ್ನು ಮೊದಲ ಅಧ್ಯಾಯಕ್ಕೆ ಮುಂಚೆಯೇ ಬರೆದಿಟ್ಟು, ಮತ್ತೆ ಒಂದಕ್ಷರವೂ ತಿದ್ದುವುದಿಲ್ಲ. ಕೊನೆಯಲ್ಲಿ ಹೊಸ ಷರತ್ತು ತೂರಿಸಿದರೆ ಅದು ಮೋಸ.

ವಿದ್ಯೆಗಳು ಪರಸ್ಪರ ಎದುರಾದಾಗ ಯಾವುದು ಗೆಲ್ಲುತ್ತದೆ ಎನ್ನುವುದನ್ನೂ ಮೊದಲೇ ತೀರ್ಮಾನಿಸಬೇಕು. ಮಾಟದ ಕೂದಲನ್ನು ಬೆಂಕಿವಿದ್ಯೆ ಸುಡಬಲ್ಲದು. ವರ ಪಡೆದವನಿಗೆ ಮಾಟ ತಟ್ಟುತ್ತದೆಯೇ ಎಂಬುದನ್ನು ವರದ ವಾಕ್ಯವೇ ಹೇಳಬೇಕು. ವರದಿಂದ ಹುಟ್ಟಿದ ಬೆಂಕಿಗೂ ಜೌಲ್ ಲೆಕ್ಕ ತಪ್ಪಿದ್ದಲ್ಲ, ಅದು ವರ ಕೊಟ್ಟವರ ಮೈಯಿಂದ ಹೋಗುತ್ತದೆ. ನನ್ನ ಲೋಕದ ದೇವತೆಗಳು ವರ ಕೊಡಲು ಅಷ್ಟು ಹಿಂದೇಟು ಹಾಕುವುದು ಅದಕ್ಕೇ.